ಸೊಲ್ಲಾಪುರದಿಂದ ಸಾಗರದವರೆಗೆ: ಸೇಠ ವಾಲಚಂದ ಹಿರಾಚಂದರ ಜೀವನಪಥ

ಪರರ ಧನವನ್ನು ನಿಷ್ಠೆಯಿಂದ ಕಾಯುವ ಕಾರ್ಯವು ನಮ್ಮ ಸಮಾಜಕ್ಕೆ ಹೊಸದೇನೂ ಅಲ್ಲ. ಮಂದಿರದ ಭಂಡಾರ, ಧರ್ಮಶಾಲೆಯ ಲೆಕ್ಕಪತ್ರ, ವಿದ್ಯಾರ್ಥಿ ನಿಲಯದ ನಿಧಿ ಇವೆಲ್ಲವೂ ಒಬ್ಬಿಬ್ಬರು ಹಿರಿಯರ ಕೈಯಲ್ಲಿದ್ದರೂ ಅವು ಅವರ ಸ್ವತ್ತಲ್ಲ. ಊರಿನವರೆಲ್ಲರೂ ನಂಬಿ ಕೊಟ್ಟದ್ದನ್ನು ಅವರು ನೋಡಿಕೊಳ್ಳುತ್ತಾರೆ, ಬೆಳೆಸುತ್ತಾರೆ, ಒಂದು ದಿನ ಮುಂದಿನವರ ಕೈಗೊಪ್ಪಿಸಿ ಎದ್ದು ಹೋಗುತ್ತಾರೆ. ಆಧುನಿಕ ಉದ್ಯಮ ಜಗತ್ತಿನಲ್ಲಿ ಇದೇ ಕಾರ್ಯವನ್ನು ನಿರ್ವಹಿಸುವವರು ಕಂಪನಿಗಳ ನಿರ್ದೇಶಕರು. ಸಾವಿರಾರು ಷೇರುದಾರರ ಹಣ, ಅಷ್ಟೇ ಮಂದಿ ಕೆಲಸಗಾರರ ಅನ್ನ ಅವರ ನಿರ್ಧಾರವನ್ನು ಅವಲಂಬಿಸಿರುತ್ತದೆ. ಇಂದು ನಮ್ಮ ಮನೆಗಳ ಅನೇಕ ಯುವಕ ಯುವತಿಯರು ಲೆಕ್ಕಪರಿಶೋಧನೆ, ಕಾನೂನು, ತಂತ್ರಜ್ಞಾನ ಮತ್ತು ವ್ಯಾಪಾರಾಡಳಿತಗಳನ್ನು ಕಲಿತು ಈ ಸ್ಥಾನದತ್ತ ದೃಷ್ಟಿ ನೆಟ್ಟಿದ್ದಾರೆ. ಅವರಿಗೆ ಮಾರ್ಗದರ್ಶಕವಾಗಬಲ್ಲ ಒಂದು ಬದುಕು ಬಹು ದೂರದ್ದಲ್ಲ, ನಮ್ಮ ಸೊಲ್ಲಾಪುರದ್ದೇ. ಅದು ಸೇಠ ವಾಲಚಂದ ಹಿರಾಚಂದ ದೋಶಿಯವರ ಬದುಕು.

ಜನನ ಮತ್ತು ಮನೆತನ

ವಾಲಚಂದರು 1882ರ ನವೆಂಬರ್ 23ರಂದು ಸೊಲ್ಲಾಪುರದಲ್ಲಿ ಜನಿಸಿದರು. ಅವರ ಪೂರ್ವಿಕರು ಸೌರಾಷ್ಟ್ರದ ವಾಂಕಾನೇರದಿಂದ ದಕ್ಷಿಣಕ್ಕೆ ಬಂದು ನೆಲೆಸಿದ ದಿಗಂಬರ ಜೈನ ಕುಟುಂಬದವರು. ತಂದೆ ಹಿರಾಚಂದ ನೇಮಚಂದರು ಹತ್ತಿ ಹಾಗೂ ಲೇವಾದೇವಿ ವ್ಯವಹಾರದಲ್ಲಿ ಹೆಸರು ಗಳಿಸಿದ್ದಲ್ಲದೆ ಸಮಾಜ ಸುಧಾರಣೆಯಲ್ಲಿಯೂ ಆಸಕ್ತರಾಗಿದ್ದರು. ಸೊಲ್ಲಾಪುರದಿಂದ ಹೊರಡುತ್ತಿದ್ದ 'ಜೈನ ಬೋಧಕ' ಎಂಬ ಮರಾಠಿ ಪತ್ರಿಕೆಯನ್ನು ಆರಂಭಿಸಿದವರು ಅವರೇ. ವಾಲಚಂದರು ಹಸುಗೂಸಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡರು.

ಮನೆಯೊಳಗೆ ಗುಜರಾತಿ, ಶಾಲೆಯಲ್ಲಿ ಮರಾಠಿ ಮತ್ತು ಇಂಗ್ಲಿಷ್, ಪೇಟೆಯ ಬೀದಿಗಳಲ್ಲಿ ಕನ್ನಡ ಹಾಗೂ ತೆಲುಗು: ಆ ಕಾಲದ ಸೊಲ್ಲಾಪುರ ಹೀಗಿತ್ತು, ಇಂದಿಗೂ ಬಹುಮಟ್ಟಿಗೆ ಹಾಗೆಯೇ ಇದೆ. ಒಂದು ಭಾಷೆಯವರೊಡನೆ ಮಾತ್ರ ವ್ಯವಹರಿಸಿ ಇಲ್ಲಿ ಬಾಳುವಂತಿರಲಿಲ್ಲ. ಮುಂದೆ ಪಾರಸಿ, ಭಾಟಿಯಾ, ಬ್ರಾಹ್ಮಣ, ಮುಸಲ್ಮಾನ ಮತ್ತು ವಿದೇಶೀಯ ಸಹಭಾಗಿಗಳೊಡನೆ ಒಂದೇ ಮೇಜಿನ ಸುತ್ತ ಕುಳಿತು ಕೆಲಸ ಮಾಡಲಿದ್ದವರಿಗೆ ಇಂಥ ಊರಿಗಿಂತ ಉತ್ತಮ ಪಾಠಶಾಲೆ ಇರಲಾರದು.

1899ರಲ್ಲಿ ಸೊಲ್ಲಾಪುರದಲ್ಲಿ ಮೆಟ್ರಿಕ್ಯುಲೇಶನ್ ಮುಗಿಸಿದ ವಾಲಚಂದರು ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿಗೂ ಅನಂತರ ಪುಣೆಯ ಡೆಕ್ಕನ್ ಕಾಲೇಜಿಗೂ ಸೇರಿದರು. ಆದರೆ ಪದವಿ ಪೂರೈಸದೆಯೇ ಮನೆತನದ ವ್ಯವಹಾರಕ್ಕೆ ಹಿಂತಿರುಗಬೇಕಾಯಿತು. ಗದ್ದಿಗೆಯ ಮೇಲೆ ಕುಳಿತು ಬಡ್ಡಿ ಎಣಿಸುವ ಕೆಲಸ ಅವರ ಮನಸ್ಸಿಗೆ ಹಿಡಿಸಲಿಲ್ಲ. ಕಣ್ಣೆದುರು ಏನನ್ನಾದರೂ ಕಟ್ಟಿ ನಿಲ್ಲಿಸಬೇಕೆಂಬ ಹಂಬಲ ಅವರದಾಗಿತ್ತು.

ಮಣ್ಣಿನಿಂದ ಮಂಡಳಿಗೆ

ಆ ಹಂಬಲಕ್ಕೆ ದಾರಿ ತೋರಿದವರು ಲಕ್ಷ್ಮಣರಾವ್ ಬಳವಂತ ಫಾಟಕರು. ರೈಲ್ವೆಯಲ್ಲಿ ಗುಮಾಸ್ತರಾಗಿದ್ದು ಅನಂತರ ಗುತ್ತಿಗೆದಾರರಾದ ಫಾಟಕರಿಗೆ ಕೆಲಸದ ಅನುಭವವಿತ್ತು, ಬಂಡವಾಳವಿರಲಿಲ್ಲ. ವಾಲಚಂದರಿಗೆ ಬಂಡವಾಳದ ಬೆಂಬಲವಿತ್ತು, ಅನುಭವವಿರಲಿಲ್ಲ. ಇಬ್ಬರೂ ಸೇರಿ ಫಾಟಕ್-ವಾಲಚಂದ ಸಂಸ್ಥೆಯನ್ನು ಆರಂಭಿಸಿದರು. ಅವರ ಆರಂಭದ ಕೆಲಸಗಳಲ್ಲಿ ಬಾರ್ಶಿ ಲೈಟ್ ರೈಲ್ವೆಯ ಕಾಮಗಾರಿಯೂ ಒಂದು. ಕುರ್ಡುವಾಡಿ, ಪಂಢರಪುರ, ಬಾರ್ಶಿ, ಲಾತೂರುಗಳ ಸುತ್ತ ಹಬ್ಬಿದ ಆ ಕಿರುಗೇಜಿನ ಹಳಿಯ ಮೇಲೆ ನಮ್ಮ ಹಿರಿಯರಲ್ಲಿ ಅನೇಕರು ಪಯಣಿಸಿದ್ದಾರೆ.

ವಾಲಚಂದರ ವೃತ್ತಿಜೀವನದ ಮೊದಲ ಪಾಠ ಇಲ್ಲಿಯೇ ಇದೆ. ಅವರು ಮೊದಲು ಮಂಡಳಿಯ ಕುರ್ಚಿಯಲ್ಲಿ ಕುಳಿತು ಅನಂತರ ಕೆಲಸವನ್ನು ಕಲಿತವರಲ್ಲ. ಮಣ್ಣಿನ ಘನ ಅಡಿ ಎಷ್ಟು, ಜಲ್ಲಿಯ ದರವೆಷ್ಟು, ಕೂಲಿ ಯಾವ ವಾರ ಬಟವಾಡೆಯಾಗಬೇಕು, ಮಳೆಗಾಲಕ್ಕೆ ಮುನ್ನ ಯಾವ ಸೇತುವೆ ಮುಗಿಯಬೇಕು ಎಂಬುದನ್ನು ಅರಿಯದೆ ರೈಲ್ವೆ ಗುತ್ತಿಗೆ ನಡೆಯುವುದಿಲ್ಲ. ಇಂಥ ಕೆಲಸದಲ್ಲಿ ಪಳಗಿದ ಕಣ್ಣಿನಿಂದಲೇ ಅವರು ಮುಂದೆ ಹಡಗಿನ ಲೆಕ್ಕವನ್ನೂ ವಿಮಾನದ ಲೆಕ್ಕವನ್ನೂ ನೋಡಿದರು.

1920ರಲ್ಲಿ ಅವರ ಸಂಸ್ಥೆಯು ಟಾಟಾ ಮನೆತನದ ನಿರ್ಮಾಣ ಕಂಪನಿಯೊಂದಿಗೆ ಕೂಡಿಕೊಂಡಿತು. ತಮ್ಮ ಹೆಸರಿನ ಸಂಸ್ಥೆಯನ್ನು ಬೇರೊಂದು ದೊಡ್ಡ ಹೆಸರಿನಲ್ಲಿ ಕರಗಿಸಲು ಅನೇಕ ವರ್ತಕರು ಒಪ್ಪಲಾರರು. ವಾಲಚಂದರು ಒಪ್ಪಿದರು. ಏಕೆಂದರೆ ಮುಂಬಯಿ-ಪುಣೆ ಮಾರ್ಗದ ಭೋರ್ ಘಾಟಿನಲ್ಲಿ ಸುರಂಗಗಳನ್ನು ಕೊರೆಯುವಂಥ ಬೃಹತ್ ಕಾಮಗಾರಿಗಳನ್ನು ಒಂದು ಕುಟುಂಬದ ಬಂಡವಾಳದಿಂದ ನಡೆಸುವುದು ಸಾಧ್ಯವಿರಲಿಲ್ಲ. 1926ರಲ್ಲಿ ಹಿಂದುಸ್ತಾನ್ ಕನ್‌ಸ್ಟ್ರಕ್ಷನ್ ಕಂಪನಿಯೂ, ಅದೇ ವರ್ಷ ಇಂಡಿಯನ್ ಹ್ಯೂಮ್ ಪೈಪ್ ಕಂಪನಿಯೂ ಸ್ಥಾಪನೆಗೊಂಡವು. ನಗರಗಳಿಗೆ ಕುಡಿಯುವ ನೀರನ್ನು ತರುವ ಸಿಮೆಂಟಿನ ಕೊಳವೆಗಳನ್ನು ಎರಡನೆಯ ಸಂಸ್ಥೆ ತಯಾರಿಸತೊಡಗಿತು.

ಸಮುದ್ರದ ಮೇಲಿನ ಸಾಹಸ

ಆದರೆ ವಾಲಚಂದರ ಹೆಸರು ದೇಶದ ತುಂಬ ಹರಡಿದ್ದು ನೌಕೋದ್ಯಮದಿಂದ. ಆ ಕಾಲದಲ್ಲಿ ಭಾರತದ ತೀರದುದ್ದಕ್ಕೂ ಸರಕು ಸಾಗಿಸುವ ವ್ಯಾಪಾರ ಬಹುತೇಕ ಬ್ರಿಟಿಷ್ ಕಂಪನಿಗಳ ಕೈಯಲ್ಲಿತ್ತು. ಅವರೆದುರು ತಲೆಯೆತ್ತಿದ ಭಾರತೀಯ ಕಂಪನಿಗಳು ದರಸಮರದಲ್ಲಿ ಒಂದೊಂದಾಗಿ ಮುಳುಗಿದ್ದವು. ಇದನ್ನರಿತೂ 1919ರಲ್ಲಿ ವಾಲಚಂದರು ನರೋತ್ತಮ ಮೊರಾರ್ಜಿ, ಲಲ್ಲೂಭಾಯಿ ಸಾಮಳದಾಸ ಮತ್ತು ಕಿಲಾಚಂದ ದೇವಚಂದರೊಡಗೂಡಿ ಸಿಂಧಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿಯನ್ನು ಸ್ಥಾಪಿಸಿದರು. ಗ್ವಾಲಿಯರದ ಮಹಾರಾಜರು ಯುದ್ಧಕಾಲದಲ್ಲಿ ಆಸ್ಪತ್ರೆ ಹಡಗಾಗಿ ಒದಗಿಸಿದ್ದ 'ಲಾಯಲ್ಟಿ'ಯನ್ನು ಕೊಂಡರು. ಆ ಹಡಗು 1919ರ ಏಪ್ರಿಲ್ 5ರಂದು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಅದರ ಸ್ಮರಣೆಗಾಗಿಯೇ 1964ರಿಂದ ಆ ದಿನವನ್ನು ರಾಷ್ಟ್ರೀಯ ನೌಕಾಯಾನ ದಿನವೆಂದು ಆಚರಿಸಲಾಗುತ್ತಿದೆ.

ಉತ್ಸವದ ದಿನಗಳಲ್ಲಿ ನಾವು ಮರೆಯುವ ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಲೇಬೇಕು. ಆ ಮೊದಲ ಹಡಗು ಲಾಭ ತರಲಿಲ್ಲ. 1891ರಿಂದ ಶಾಂತಸಾಗರದಲ್ಲಿ ಪ್ರಯಾಣಿಕರನ್ನು ಹೊತ್ತು ಸವೆದಿದ್ದ ಆ ಹಳೆಯ ನೌಕೆಯನ್ನು ನಡೆಸುವ ಖರ್ಚು ಹೆಚ್ಚು, ಆದಾಯ ಕಡಿಮೆ. 1923ರಲ್ಲಿ ಅದನ್ನು ಒಡೆದು ಗುಜರಿಗೆ ಮಾರಲಾಯಿತು. ಲಾರ್ಡ್ ಇಂಚ್‌ಕೇಪರ ಬ್ರಿಟಿಷ್ ಇಂಡಿಯಾ ಕಂಪನಿಯು ದರಗಳನ್ನು ಇಳಿಸಿ ಹೊಸ ಸಂಸ್ಥೆಯ ಉಸಿರು ಕಟ್ಟಿಸಲು ಯತ್ನಿಸಿತು. ಸಿಂಧಿಯಾ ಕಂಪನಿಯನ್ನೇ ಕೊಂಡುಕೊಳ್ಳುವ ಪ್ರಸ್ತಾಪವೂ ಬಂದಿತು.

ಒಂದು ನಿರ್ದೇಶಕ ಮಂಡಳಿಯ ನಿಜವಾದ ಪರೀಕ್ಷೆ ಇಂಥ ಘಳಿಗೆಯಲ್ಲಿಯೇ. ಮಾರಿದರೆ ಷೇರುದಾರರಿಗೆ ಒಂದಿಷ್ಟು ಹಣ ಕೂಡಲೇ ಮರಳುತ್ತದೆ. ಮಾರದಿದ್ದರೆ ಇರುವುದೂ ಕರಗಬಹುದು. ಆದರೆ ಮಾರಿದ ಮರುದಿನ ಭಾರತದ ತೀರದಲ್ಲಿ ಭಾರತೀಯ ಧ್ವಜದ ಆಸೆಯೂ ಮುಗಿಯುತ್ತದೆ. ಮಂಡಳಿ ಮಾರಲಿಲ್ಲ. ಅದರ ಬದಲು 1923ರಲ್ಲಿ ಹತ್ತು ವರ್ಷಗಳ ಒಪ್ಪಂದವೊಂದಕ್ಕೆ ಸಹಿ ಬಿದ್ದಿತು. ಸಿಂಧಿಯಾ ಕಂಪನಿಯು ತನ್ನ ಹಡಗುಗಳ ಒಟ್ಟು ಸಾಮರ್ಥ್ಯವನ್ನು 75,000 ಟನ್ನುಗಳ ಮಿತಿಯೊಳಗೆ ಇರಿಸಿಕೊಳ್ಳಬೇಕೆಂಬ ನಿರ್ಬಂಧ ಅದರಲ್ಲಿತ್ತು. ಇದು ಅವಮಾನಕರ ಶರತ್ತೆಂದು ಅನೇಕರಿಗೆ ತೋರಿತು. ಆದರೆ ದರಸಮರದಲ್ಲಿ ಮುಳುಗದೆ ಉಳಿದ ಕಂಪನಿಗೆ ಆ ಒಪ್ಪಂದ ಉಸಿರಾಡಲು ಅವಕಾಶ ನೀಡಿತು. ಸೋಲದಿರುವುದೇ ಗೆಲುವಾಗಿರುವ ವರ್ಷಗಳು ಉದ್ಯಮದಲ್ಲಿ ಬರುತ್ತವೆ.

1929ರಲ್ಲಿ ನರೋತ್ತಮ ಮೊರಾರ್ಜಿಯವರು ಅಪಘಾತದಲ್ಲಿ ನಿಧನರಾದಾಗ ಅಧ್ಯಕ್ಷಸ್ಥಾನ ವಾಲಚಂದರ ಪಾಲಿಗೆ ಬಂದಿತು. 1950ರವರೆಗೆ ಅವರು ಆ ಹೊಣೆಯನ್ನು ಹೊತ್ತರು. ತೀರ ವ್ಯಾಪಾರವನ್ನು ದೇಶೀಯ ಹಡಗುಗಳಿಗೆ ಮೀಸಲಿಡಬೇಕೆಂದು 1928ರಲ್ಲಿ ಎಸ್. ಎನ್. ಹಾಜಿಯವರು ಕೇಂದ್ರ ಶಾಸನಸಭೆಯಲ್ಲಿ ಮಂಡಿಸಿದ ಮಸೂದೆ ಕಾಯಿದೆಯಾಗಲಿಲ್ಲ. ಆದರೂ ಆ ಬೇಡಿಕೆಯನ್ನು ವಾಲಚಂದರು ಬಿಡಲಿಲ್ಲ. ಅದು ಈಡೇರಿದ್ದು ಸ್ವಾತಂತ್ರ್ಯ ಬಂದ ಮೇಲೆ. 1927ರಲ್ಲಿ ಮಹಾರಾಷ್ಟ್ರ ವಾಣಿಜ್ಯ ಮಂಡಳಿಯನ್ನು ಸ್ಥಾಪಿಸಿದ ಅವರು, 1932-33ರಲ್ಲಿ ಭಾರತೀಯ ವಾಣಿಜ್ಯೋದ್ಯಮ ಮಂಡಳಗಳ ಒಕ್ಕೂಟದ ಅಧ್ಯಕ್ಷರಾದರು. ತನ್ನ ಕಂಪನಿಯ ಹಿತಕ್ಕಾಗಿ ಮಾತ್ರ ಮಾತನಾಡುತ್ತಿದ್ದ ವರ್ತಕ ಈಗ ಇಡೀ ವರ್ತಕ ಸಮುದಾಯದ ಪರವಾಗಿ ಮಾತನಾಡುವ ಸ್ಥಾನಕ್ಕೇರಿದ್ದರು.

ಕಬ್ಬಿನ ಗದ್ದೆಯಿಂದ ಬೆಂಗಳೂರಿನ ವಿಮಾನದವರೆಗೆ

ಪುಣೆ ಜಿಲ್ಲೆಯ ಇಂದಾಪುರ ತಾಲೂಕಿನ ಬರಡು ನೆಲದಲ್ಲಿ ಕಬ್ಬಿನ ತೋಟವೂ ಸಕ್ಕರೆ ಕಾರ್ಖಾನೆಯೂ ತಲೆಯೆತ್ತಿ, ಅದರ ಸುತ್ತ ವಾಲಚಂದನಗರವೆಂಬ ಊರೇ ಬೆಳೆಯಿತು. ಅಲ್ಲಿನ ಯಂತ್ರಶಾಲೆ ಕಾಲಾನಂತರ ದೇಶದ ಬಾಹ್ಯಾಕಾಶ ರಾಕೆಟ್ಟುಗಳ ಮೋಟಾರು ಕವಚಗಳನ್ನು ತಯಾರಿಸುವ ಮಟ್ಟವನ್ನು ಮುಟ್ಟಿತು. ನಾಸಿಕ ಜಿಲ್ಲೆಯ ರಾವಳಗಾಂವದಲ್ಲಿಯೂ ಸಕ್ಕರೆ ಉದ್ಯಮ ನೆಲೆಗೊಂಡಿತು. ಆ ಊರಿನ ಹೆಸರು ಹೊತ್ತ ಮಿಠಾಯಿಯನ್ನು ಬಾಲ್ಯದಲ್ಲಿ ಸವಿಯದವರು ನಮ್ಮಲ್ಲಿ ವಿರಳ.

ಕರ್ನಾಟಕದೊಂದಿಗೆ ಅವರ ನಂಟು ಬೆಳೆದದ್ದು ವಿಮಾನದ ಮೂಲಕ. 1939ರಲ್ಲಿ ಅಮೆರಿಕದಿಂದ ಹಿಂತಿರುಗುವಾಗ ವಾಲಚಂದರಿಗೆ ವಿಮಾನದೊಳಗೆ ವಿಲಿಯಂ ಪಾಲಿ ಎಂಬ ಅಮೆರಿಕನ್ ಉದ್ಯಮಿಯ ಭೇಟಿಯಾಯಿತು. ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದ ಆತನೊಡನೆ ನಡೆದ ಮಾತುಕತೆಯೇ ಭಾರತದಲ್ಲಿಯೂ ಅಂಥ ಕಾರ್ಖಾನೆ ಆಗಬೇಕೆಂಬ ಯೋಜನೆಗೆ ಬೀಜವಾಯಿತು. ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ಲರು ಇದಕ್ಕೆ ಕೈಜೋಡಿಸಿದರು. ಸಂಸ್ಥಾನವು ಬೆಂಗಳೂರಿನಲ್ಲಿ 700 ಎಕರೆ ಭೂಮಿಯನ್ನೂ 25 ಲಕ್ಷ ರೂಪಾಯಿ ಬಂಡವಾಳವನ್ನೂ ಒದಗಿಸಿತು. ತುಳಸೀದಾಸ ಕಿಲಾಚಂದ ಮತ್ತು ಧರಮ್‌ಸಿ ಖಟಾವು ಅವರು ವಾಲಚಂದರ ಜೊತೆ ನಿಂತರು. 1940ರ ಡಿಸೆಂಬರ್ 23ರಂದು ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು. 1941ರಲ್ಲಿಯೇ ಅಲ್ಲಿ ಜೋಡಿಸಿದ ತರಬೇತಿ ವಿಮಾನ ಆಕಾಶಕ್ಕೇರಿತು.

ಆದರೆ ಯುದ್ಧ ಪೂರ್ವದಿಂದ ಭಾರತದ ಬಾಗಿಲಿಗೆ ಬರುತ್ತಿತ್ತು. 1941ರಲ್ಲಿ ಮೂರನೆಯ ಒಂದು ಪಾಲು ಪಡೆದಿದ್ದ ಭಾರತ ಸರ್ಕಾರವು 1942ರ ಏಪ್ರಿಲ್‌ನಲ್ಲಿ ವಾಲಚಂದರ ಮತ್ತು ಅವರ ಸಂಗಡಿಗರ ಪಾಲನ್ನೂ ಕೊಂಡುಕೊಂಡಿತು. ತಾವು ಕನಸು ಕಂಡು ಕಟ್ಟಿದ ಕಾರ್ಖಾನೆಯಿಂದ ಅವರು ಎರಡು ವರ್ಷ ತುಂಬುವುದರೊಳಗೆ ಹೊರಬಂದರು. ಅದೇ ಸಂಸ್ಥೆ 1964ರಲ್ಲಿ ಹಿಂದುಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್ ಆಯಿತು. ಬೆಂಗಳೂರಿನ ಎಷ್ಟೋ ಸಾವಿರ ಮನೆಗಳ ಒಲೆ ಅದರ ಸಂಬಳದಿಂದ ಉರಿದಿದೆ. ಆ ಮನೆಗಳಲ್ಲಿ ನಮ್ಮ ನಿಮ್ಮ ಬಂಧುಗಳ ಮನೆಗಳೂ ಇವೆ.

ಹಡಗು ಕಟ್ಟುವ ಕಾರ್ಖಾನೆಯ ಕಥೆಯೂ ಇಂಥದೇ. ಸಿಂಧಿಯಾ ಕಂಪನಿಯು ವಿಶಾಖಪಟ್ಟಣದಲ್ಲಿ ಆರಂಭಿಸಿದ ಈ ಕಾರ್ಯಕ್ಕೆ 1941ರ ಜೂನ್ 21ರಂದು ಡಾ. ರಾಜೇಂದ್ರ ಪ್ರಸಾದರು ಅಡಿಗಲ್ಲನ್ನಿಟ್ಟರು. 1942ರ ಏಪ್ರಿಲ್‌ನಲ್ಲಿ ಆ ಬಂದರಿನ ಮೇಲೆ ಜಪಾನೀ ಬಾಂಬುಗಳು ಬಿದ್ದವು. ಕೆಲಸ ಹಿಂದೆ ಬಿತ್ತು, ನಿಲ್ಲಲಿಲ್ಲ. ಅಲ್ಲಿ ನಿರ್ಮಾಣಗೊಂಡ 8,000 ಟನ್ನಿನ 'ಜಲ ಉಷಾ' ಹಡಗನ್ನು 1948ರ ಮಾರ್ಚ್ 14ರಂದು ಪ್ರಧಾನಿ ಜವಾಹರಲಾಲ ನೆಹರೂ ಅವರು ನೀರಿಗಿಳಿಸಿದರು. 1952ರಲ್ಲಿ ಈ ಕಾರ್ಖಾನೆಯ ಮೂರರಲ್ಲಿ ಎರಡು ಪಾಲು ಸರ್ಕಾರಕ್ಕೆ ಸೇರಿತು, 1961ರಲ್ಲಿ ಪೂರ್ಣವಾಗಿ ಸೇರಿತು. ಇಂದಿಗೂ ಅದು ಹಿಂದುಸ್ತಾನ್ ಶಿಪ್‌ಯಾರ್ಡ್ ಎಂಬ ಹೆಸರಿನಿಂದ ಕೆಲಸ ಮಾಡುತ್ತಿದೆ.

1944ರಲ್ಲಿ ಸ್ಥಾಪಿತವಾದ ಪ್ರೀಮಿಯರ್ ಆಟೊಮೊಬೈಲ್ಸ್ ಅವರ ಇನ್ನೊಂದು ಕನಸು. ಸರ್ ಎಂ. ವಿಶ್ವೇಶ್ವರಯ್ಯನವರೂ ಮೋಟಾರು ಕಾರ್ಖಾನೆಗಾಗಿ ಅದಕ್ಕೂ ಮೊದಲಿನಿಂದ ಶ್ರಮಿಸಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ಅಮೆರಿಕದ ಕ್ರೈಸ್ಲರ್ ಕಂಪನಿಯ ಸಹಯೋಗದಿಂದ 1947ರಲ್ಲಿ ಕಾರುಗಳೂ ಲಾರಿಗಳೂ ಅಲ್ಲಿಂದ ಹೊರಬರತೊಡಗಿದವು. ಮುಂದೆ ಇದೇ ಸಂಸ್ಥೆಯ ಪದ್ಮಿನಿ ಕಾರು ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಯಾಗಿ 2023ರವರೆಗೂ ಓಡಿತು.

ಗುಣ ಮತ್ತು ಮಿತಿ

ಮಹನೀಯರ ಜೀವನವನ್ನು ಬರೆಯುವಾಗ ಅವರ ಮಿತಿಯನ್ನು ಮುಚ್ಚಿಡುವುದು ಗೌರವವಲ್ಲ. 1940ರಿಂದ 1944ರವರೆಗಿನ ಐದು ವರ್ಷಗಳಲ್ಲಿ ವಿಮಾನ, ಹಡಗು, ಮೋಟಾರು ಎಂಬ ಮೂರು ಮಹೋದ್ಯಮಗಳಿಗೆ ಅವರು ಕೈಹಾಕಿದರು. ಒಂದು ಸಸಿ ಬೇರು ಬಿಡುವ ಮುನ್ನವೇ ಇನ್ನೊಂದಕ್ಕೆ ಗುಂಡಿ ತೋಡುವ ಸ್ವಭಾವ ಅವರದು. ಎಚ್ಚರಿಕೆಯ ಸಹನಿರ್ದೇಶಕನಿಗೆ ಇದು ಆತಂಕದ ಸಂಗತಿಯೇ ಸರಿ. ಆಗಿನ ಕಂಪನಿ ವ್ಯವಸ್ಥೆಯಲ್ಲಿಯೂ ಒಂದು ದೋಷವಿತ್ತು. ಮ್ಯಾನೇಜಿಂಗ್ ಏಜೆನ್ಸಿ ಎಂಬ ಪದ್ಧತಿಯಂತೆ ಒಂದು ಮನೆತನ ಅಥವಾ ಒಂದು ಸಣ್ಣ ಸಂಸ್ಥೆ ಅನೇಕ ಕಂಪನಿಗಳ ಆಡಳಿತವನ್ನು ಕೈಯಲ್ಲಿಟ್ಟುಕೊಳ್ಳುತ್ತಿತ್ತು, ನಿರ್ದೇಶಕ ಮಂಡಳಿ ಎಷ್ಟೋ ಕಡೆ ಹೆಸರಿಗಷ್ಟೇ ಇರುತ್ತಿತ್ತು. ಈ ಪದ್ಧತಿಯಿಂದ ಹೊಸ ಉದ್ಯಮಗಳಿಗೆ ಬಂಡವಾಳ ಬೇಗ ಕೂಡುತ್ತಿತ್ತು, ದುರುಪಯೋಗಕ್ಕೂ ಅಷ್ಟೇ ಬೇಗ ಬಾಗಿಲು ತೆರೆಯುತ್ತಿತ್ತು. 1970ರಲ್ಲಿ ಅದು ಕಾನೂನಿನಿಂದಲೇ ರದ್ದಾಯಿತು. ವಾಲಚಂದರೂ ಅದೇ ಕಾಲದ, ಅದೇ ವ್ಯವಸ್ಥೆಯ ಮನುಷ್ಯರು.

ಆದರೂ ಅವರ ಬದುಕನ್ನು ಒಟ್ಟಾಗಿ ನೋಡಿದಾಗ ಒಂದು ಅಂಶ ಎದ್ದು ಕಾಣುತ್ತದೆ. ಅವರ ಕೈಯಿಂದ ಜಾರಿಹೋದ ಸಂಸ್ಥೆಗಳೇ ಅವರ ಹೆಸರನ್ನು ಹೆಚ್ಚು ಉಳಿಸಿವೆ. ವಿಮಾನ ಕಾರ್ಖಾನೆ ಅವರದಾಗಿ ಉಳಿಯಲಿಲ್ಲ, ಹಡಗುಕಟ್ಟೆಯೂ ಉಳಿಯಲಿಲ್ಲ. ಅವರಿಗೆ ವಾರಸುದಾರರಾದ ಮಕ್ಕಳೂ ಇರಲಿಲ್ಲ. ಸಹೋದರರಾದ ಗುಲಾಬಚಂದ, ರತನಚಂದ ಮತ್ತು ಲಾಲಚಂದರು ಹಾಗೂ ಅವರ ಸಂತತಿಯವರು ಮನೆತನದ ಉದ್ಯಮಗಳನ್ನು ಮುಂದುವರಿಸಿದರು. ಸಿಂಧಿಯಾ ಕಂಪನಿಯಲ್ಲಿ ನರೋತ್ತಮರ ಸೊಸೆ ಸುಮತಿ ಮೊರಾರ್ಜಿಯವರು ಬೆಳೆದು ನಿಂತು, 1956ರಲ್ಲಿ ಭಾರತೀಯ ಹಡಗು ಒಡೆಯರ ಸಂಘದ ಅಧ್ಯಕ್ಷೆಯಾದರು. ಆ ಕಂಪನಿಯ ಹಡಗುಗಳು ಇಂದು ಸಮುದ್ರದಲ್ಲಿಲ್ಲ. ಆದರೆ ಭಾರತೀಯರು ಹಡಗು ನಡೆಸಬಲ್ಲರೆಂಬ ವಿಶ್ವಾಸವನ್ನು ಅದು ಬಿಟ್ಟುಹೋಯಿತು.

ಕೊನೆಯ ದಿನಗಳು

1949ರಲ್ಲಿ ವಾಲಚಂದರು ಪಾರ್ಶ್ವವಾಯುವಿಗೆ ತುತ್ತಾದರು. 1950ರಲ್ಲಿ ಉದ್ಯಮದ ಹೊಣೆಗಳಿಂದ ನಿವೃತ್ತರಾದರು. ಪತ್ನಿ ಕಸ್ತೂರಬಾಯಿಯವರು ಅವರ ಸೇವೆಯಲ್ಲಿದ್ದರು. 1953ರ ಏಪ್ರಿಲ್ 8ರಂದು ಗುಜರಾತಿನ ಸಿದ್ಧಪುರದಲ್ಲಿ ಅವರು ದೇಹ ತ್ಯಜಿಸಿದರು. ಆಗ ಅವರಿಗೆ ಎಪ್ಪತ್ತು ವರ್ಷ. ಸೊಲ್ಲಾಪುರದ ವಾಲಚಂದ ಕಾಲೇಜು, ಸಾಂಗಲಿಯ ವಾಲಚಂದ ಇಂಜಿನಿಯರಿಂಗ್ ಕಾಲೇಜು ಅವರ ಹೆಸರನ್ನು ಹೊತ್ತು ನಿಂತಿವೆ. ಗಡಿಯ ಈಚೆಯ ಮತ್ತು ಆಚೆಯ ನಮ್ಮ ಎಷ್ಟೋ ಮಕ್ಕಳು ಅಲ್ಲಿ ಓದಿ ಬಾಳು ಕಟ್ಟಿಕೊಂಡಿದ್ದಾರೆ. 2004ರಲ್ಲಿ ಭಾರತ ಸರ್ಕಾರ ಅವರ ಸ್ಮರಣಾರ್ಥ ಅಂಚೆ ಚೀಟಿಯನ್ನು ಹೊರತಂದಿತು.

ಇಂದಿನ ಯುವಜನರಿಗೆ

ಈಗ ನಿರ್ದೇಶಕ ಸ್ಥಾನಕ್ಕೆ ದಾರಿ ಬೇರೆಯಾಗಿದೆ. 2013ರ ಕಂಪನಿ ಕಾಯಿದೆಯು ನಿರ್ದೇಶಕರ ಕರ್ತವ್ಯಗಳನ್ನು ಬರೆದಿಟ್ಟಿದೆ. ಕಂಪನಿಯ ಹಿತಕ್ಕಾಗಿ ಸದ್ಭಾವನೆಯಿಂದ ವರ್ತಿಸಬೇಕು, ಸ್ವಂತ ಹಿತವು ಕಂಪನಿಯ ಹಿತಕ್ಕೆ ಎದುರಾಗುವ ಸಂದರ್ಭವನ್ನು ತಪ್ಪಿಸಬೇಕು, ಅನುಚಿತ ಲಾಭ ಪಡೆಯಬಾರದು, ತನ್ನ ಸ್ಥಾನವನ್ನು ಮತ್ತೊಬ್ಬರಿಗೆ ವಹಿಸಿಕೊಡಬಾರದು. ಒಬ್ಬರು 20ಕ್ಕಿಂತ ಹೆಚ್ಚು ಕಂಪನಿಗಳಲ್ಲಿ ನಿರ್ದೇಶಕರಾಗಿರುವಂತಿಲ್ಲ, ಅದರಲ್ಲಿಯೂ ಸಾರ್ವಜನಿಕ ಕಂಪನಿಗಳು 10ನ್ನು ಮೀರುವಂತಿಲ್ಲ. ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳಲ್ಲಿ ಕನಿಷ್ಠ ಮೂರನೆಯ ಒಂದು ಭಾಗ ಸ್ವತಂತ್ರ ನಿರ್ದೇಶಕರೂ ಕನಿಷ್ಠ ಒಬ್ಬ ಮಹಿಳಾ ನಿರ್ದೇಶಕರೂ ಇರಲೇಬೇಕು. ಮನೆತನದ ಹೆಸರಿಲ್ಲದವರಿಗೂ ಯೋಗ್ಯತೆಯ ಬಲದಿಂದ ಈ ಬಾಗಿಲು ತೆರೆದಿದೆ. ನಮ್ಮ ಹೆಣ್ಣುಮಕ್ಕಳು ಇದನ್ನು ವಿಶೇಷವಾಗಿ ಗಮನಿಸಬೇಕು.

ಆದರೆ ಕಾಯಿದೆಯು ಕರ್ತವ್ಯವನ್ನು ಹೇಳಬಲ್ಲುದೇ ಹೊರತು ಸ್ವಭಾವವನ್ನು ಕೊಡಲಾರದು. ಮೊದಲು ಕೆಲಸವನ್ನು ಬುಡದಿಂದ ಕಲಿಯುವುದು, ತನ್ನಲ್ಲಿಲ್ಲದ ಗುಣವುಳ್ಳವರನ್ನು ಜೊತೆಗೂಡಿಸಿಕೊಳ್ಳುವುದು, ನಷ್ಟದ ವರ್ಷಗಳಲ್ಲಿ ಎದೆಗುಂದದಿರುವುದು, ಕಟ್ಟಿದ್ದನ್ನು ಬಿಟ್ಟುಕೊಡಬೇಕಾದ ದಿನ ಬಂದಾಗ ಅದು ಉಳಿದರೆ ಸಾಕೆಂದು ಭಾವಿಸುವುದು: ಇವನ್ನು ವಾಲಚಂದರ ಬದುಕಿನಿಂದ ಕಲಿಯಬಹುದು. ಪರಿಗ್ರಹಕ್ಕೆ ಮಿತಿಯನ್ನು ಹಾಕಿಕೊಳ್ಳಬೇಕೆಂಬ ಅಣುವ್ರತವನ್ನು ಬಾಲ್ಯದಿಂದ ಕೇಳುತ್ತ ಬಂದ ನಮಗೆ ಈ ಕೊನೆಯ ಪಾಠ ಅಪರಿಚಿತವಲ್ಲ. ಕೈಗೆ ಬಂದ ಸಂಪತ್ತಿಗೆ ಒಡೆಯನಾಗಿರದೆ ಪಾಲಕನಾಗಿರುವುದು ಮಂದಿರದ ಭಂಡಾರಕ್ಕೂ ಕಂಪನಿಯ ತಿಜೋರಿಗೂ ಸಮಾನವಾದ ಧರ್ಮ. ಈ ಧರ್ಮವನ್ನು ಅರಿತ ಹತ್ತು ಮಂದಿ ತರುಣ ತರುಣಿಯರು ನಮ್ಮ ಗಡಿನಾಡಿನ ಮನೆಗಳಿಂದ ಹೊರಟು ನಾಳಿನ ಮಂಡಳಿಗಳಲ್ಲಿ ಕುಳಿತರೆ, ಸೊಲ್ಲಾಪುರದ ಆ ಸುಪುತ್ರರಿಗೆ ಅದಕ್ಕಿಂತ ಮಿಗಿಲಾದ ಸ್ಮಾರಕ ಬೇರೆ ಬೇಡ.